ಹಾಸಿಗೆಗೆ ವಿಮೆ, ಮಾತ್ರೆಗೆ ಕೈಸಾಲ

ಶ್ರೀನಿವಾಸಪುರದ ಬಸ್ ನಿಲ್ದಾಣದ ಹತ್ತಿರ ಒಂದು ಮೆಡಿಕಲ್ ಸ್ಟೋರ್. ಮಾವಿನ ಸುಗ್ಗಿಯ ದಿನಗಳು. ಮಂಡಿಗಳ ಮುಂದೆ ಲಾರಿಗಳ ಸಾಲು, ರಸ್ತೆಯುದ್ದಕ್ಕೂ ಹಣ್ಣಿನ ವಾಸನೆ. ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಮಡಿಕೆಯಲ್ಲೇ ಹರಿದು ಹೋಗುವಂತಿದ್ದ ಚೀಟಿಯನ್ನು ಚಾಚಿದರು. ಒಂದು ಶುಗರ್ ಮಾತ್ರೆ, ಒಂದು ಬಿ.ಪಿ. ಮಾತ್ರೆ. ಅಂಗಡಿಯ ಹುಡುಗ ಶೀಟುಗಳನ್ನು ತೆಗೆದಿಟ್ಟ.

"ಒಂದೊಂದ್ರಲ್ಲೂ ಐದೈದೇ ಕೊಡಪ್ಪ."

"ಡಾಕ್ಟ್ರು ತಿಂಗಳಿಗೆ ಬರ್ದವ್ರೆ ಅಜ್ಜಿ. ಐದು ತಗೊಂಡು ಏನ್ ಮಾಡ್ತೀರ?"

"ದಿನ ಬಿಟ್ಟು ದಿನ ನುಂಗ್ತೀನಿ. ಮಂಡಿಯೋರು ದುಡ್ಡು ಕೊಟ್ಮೇಲೆ ಮಿಕ್ಕಿದ್ದು ಒಯ್ತೀನಿ."

ಹುಡುಗ ಮತ್ತೆ ಮಾತಾಡಲಿಲ್ಲ. ಕತ್ತರಿ ತೆಗೆದು ಶೀಟನ್ನು ಅರ್ಧಕ್ಕೆ ಕತ್ತರಿಸಿದ. ಉಳಿದ ತುಂಡನ್ನು ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ. ಡಬ್ಬಿಯಲ್ಲಿ ಅಂಥ ತುಂಡುಗಳು ಆಗಲೇ ಮುಕ್ಕಾಲು ಪಾಲು ತುಂಬಿದ್ದವು.

ಅಜ್ಜಿಯ ಕೈಚೀಲದಲ್ಲಿ ರೇಷನ್ ಕಾರ್ಡಿನ ಜೊತೆ ಆರೋಗ್ಯ ಕಾರ್ಡೂ ಇತ್ತು. 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅಜ್ಜಿಯ ಹೃದಯದ ರಕ್ತನಾಳ ಕಟ್ಟಿಕೊಂಡರೆ ಆ ಕಾರ್ಡ್ ನಡೆಯುತ್ತದೆ. ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ತಿಂದು ಹಾಕಿ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಮಲಗುವ ಗತಿ ಬಂದರೂ ನಡೆಯುತ್ತದೆ. ಆದರೆ ಅವೆರಡೂ ಬಾರದಂತೆ ತಡೆಯುವ ಮಾತ್ರೆಗೆ, ಆ ಕೌಂಟರಿನ ಮುಂದೆ, ಅದು ಬರೀ ಪ್ಲಾಸ್ಟಿಕ್ ತುಂಡು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ನಮ್ಮ ಆರೋಗ್ಯ ವಿಮೆ ಕಾಯುತ್ತಿರುವುದು ಆ ದಿಡ್ಡಿ ಬಾಗಿಲನ್ನು.

ಕಾರ್ಡ್ ಜೀವ ಉಳಿಸಿದೆ

ಹಾಗೆಂದು ಕಾರ್ಡನ್ನು ಹಳಿಯುವುದು ತಪ್ಪು. ಬಡವರ ಶಸ್ತ್ರಚಿಕಿತ್ಸೆಗೆ ದಾರಿ ತೋರಿಸಿದ ರಾಜ್ಯಗಳಲ್ಲಿ ಕರ್ನಾಟಕ ಮುಂದಿದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾದ 'ಯಶಸ್ವಿನಿ' ತಿಂಗಳಿಗೆ ಐದು ರೂಪಾಯಿ ವಂತಿಗೆಯ ಯೋಜನೆ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಹುಟ್ಟಿದ ಅದಕ್ಕೆ ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಗಡಿಯಾಚೆ ಆಂಧ್ರದಲ್ಲಿ 2007ರಲ್ಲಿ 'ಆರೋಗ್ಯಶ್ರೀ' ಬಂತು. ಅದೇ ಮಾದರಿಯ 'ವಾಜಪೇಯಿ ಆರೋಗ್ಯಶ್ರೀ' 2010ರಲ್ಲಿ ನಮ್ಮ ಉತ್ತರ ಜಿಲ್ಲೆಗಳಲ್ಲಿ ಆರಂಭವಾಯಿತು.

ಆ ಯೋಜನೆಯ ಫಲವನ್ನು ಅಳೆದು ನೋಡಿದವರಿದ್ದಾರೆ. ಯೋಜನೆ ಇದ್ದ ಉತ್ತರದ ಹಳ್ಳಿಗಳನ್ನೂ, ಗಡಿಗೆರೆಯ ಈಚೆ ಅದಿನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಈಚಿನ ಬಡ ಕುಟುಂಬಗಳಲ್ಲಿ ಶೇ 0.90, ಆಚಿನವುಗಳಲ್ಲಿ ಶೇ 0.32. ಆಸ್ಪತ್ರೆ ಸೇರಿದಾಗ ಕೈಯಿಂದ ಕಟ್ಟುವ ಹಣವೂ ಮೂರನೇ ಒಂದರಷ್ಟು ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ.

2018ರ ಮಾರ್ಚ್‌ನಲ್ಲಿ ರಾಜ್ಯದ ಬೇರೆ ಬೇರೆ ಯೋಜನೆಗಳನ್ನು ಒಟ್ಟುಗೂಡಿಸಿ 'ಆರೋಗ್ಯ ಕರ್ನಾಟಕ' ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಕೇಂದ್ರದ 'ಆಯುಷ್ಮಾನ್ ಭಾರತ್' ಬಂತು. ಅಕ್ಟೋಬರ್ ಕೊನೆಯ ಹೊತ್ತಿಗೆ ಎರಡೂ ಒಂದಾದವು. ಈಗಿನ ಪ್ರಶ್ನೆ ಈ ವ್ಯವಸ್ಥೆಯನ್ನು ಕಿತ್ತು ಹಾಕುವುದಲ್ಲ. ಅದನ್ನು ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿ, ಕಾಯಿಲೆ ಶುರುವಾಗುವ ಜಾಗಕ್ಕೆ ಕರೆತರುವುದು ಹೇಗೆ ಎಂಬುದು. ಅದಕ್ಕೆ ಮೊದಲು ಇವತ್ತಿನ ಕಾರ್ಡುಗಳು ಯಾರಿಗೆ, ಎಲ್ಲಿಯವರೆಗೆ ನಡೆಯುತ್ತವೆ ಎಂದು ತಿಳಿಯಬೇಕು. ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕು ಸುತ್ತಿದರೆ ಇಡೀ ದೇಶದ ಗೊಂದಲ ಕಣ್ಣಿಗೆ ಬೀಳುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ಬಾಗಿಲು

ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಈಗ ಕೈಗಾರಿಕಾ ಪ್ರದೇಶದ ಊರೂ ಹೌದು. ಕಾರ್ಖಾನೆಯ ಕಾರ್ಮಿಕನಿಗೆ ಅಲ್ಲಿ ಇಎಸ್ಐ ಇದೆ. 1948ರ ಕಾಯ್ದೆಯಡಿ ಬಂದ ಇದು ನಮ್ಮ ಸಾಮಾಜಿಕ ವಿಮೆಗಳಲ್ಲಿ ಹಿರಿಯದು, ಹಲವು ರೀತಿಯಲ್ಲಿ ಎಲ್ಲಕ್ಕಿಂತ ಜಾಣತನದ್ದೂ ಹೌದು. ಜ್ವರ ಬಂದರೂ ಡಿಸ್ಪೆನ್ಸರಿಗೆ ಹೋಗಬಹುದು, ಮಾತ್ರೆ ಅದರಲ್ಲೇ ಸಿಗುತ್ತದೆ. ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಕೈಗೆ ಬರುತ್ತದೆ. ಕಾಯಿಲೆ ಎಂದರೆ ಆಪರೇಷನ್ ಮಾತ್ರವಲ್ಲ, ತಪ್ಪಿದ ಕೂಲಿಯೂ ಕಾಯಿಲೆಯ ಖರ್ಚೇ ಎಂಬುದು 75 ವರ್ಷಗಳ ಹಿಂದೆಯೇ ಕಾನೂನು ಬರೆದವರಿಗೆ ಹೊಳೆದಿತ್ತು. ಆದರೆ ಸಂಬಳ ತಿಂಗಳಿಗೆ 21 ಸಾವಿರ ದಾಟಿದರೆ ಈ ಬಾಗಿಲು ಮುಚ್ಚುತ್ತದೆ. 2017ರಲ್ಲಿ ಗೊತ್ತುಮಾಡಿದ ಮಿತಿ ಅದು. ಬಡ್ತಿ ಪಡೆದು ಮೇಲೆ ಬಂದವನು ಹೊರಗೆ. ಇತ್ತ ಹೊರ ರಾಜ್ಯದಿಂದ ಬಂದು ಇಟ್ಟಿಗೆ ಗೂಡಿನ ಪಕ್ಕದಲ್ಲೇ ಗುಡಿಸಲು ಹಾಕಿದವರಿಗೆ ಇಎಸ್ಐ ಸಿಗುವುದು ದೂರದ ಮಾತು, ಇಲ್ಲಿನ ರೇಷನ್ ಕಾರ್ಡೂ ಇಲ್ಲ.

ಶ್ರೀನಿವಾಸಪುರದಲ್ಲಿ ಮಾವು ಮತ್ತು ಹಾಲು. ಡೇರಿಗೆ ಹಾಲು ಹಾಕುವವರು ಸಹಕಾರ ಸಂಘದ ಸದಸ್ಯರು. ಅವರಿಗೆ 'ಯಶಸ್ವಿನಿ' ಗೊತ್ತು. 2018ರಲ್ಲಿ ನಿಂತಿದ್ದ ಯೋಜನೆ 2022–23ರಲ್ಲಿ ಮತ್ತೆ ಶುರುವಾದಾಗ ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದ ರಕ್ಷಣೆ. ಸಂಘದ ಸದಸ್ಯತ್ವವೇ ಅದರ ಬೀಗದ ಕೈ. ಹಸು ಕಟ್ಟಿಕೊಳ್ಳಲು ಜಾಗವಿಲ್ಲದೆ, ಬೇರೆಯವರ ತೋಪಿನಲ್ಲಿ ಮಾವು ಕಿತ್ತು ಕೂಲಿ ತೆಗೆದುಕೊಳ್ಳುವವರಿಗೆ ಸಂಘ ಎಲ್ಲಿಯದು?

ಮುಳಬಾಗಿಲು ಹೆಸರಿಗೆ ತಕ್ಕಂತೆ ಬಾಗಿಲಿನ ಊರು. ಆಚೆ ಚಿತ್ತೂರು, ಸ್ವಲ್ಪ ತಿರುಗಿದರೆ ತಮಿಳುನಾಡು. ಇಲ್ಲಿನವರು ತೆಲುಗಿನಲ್ಲಿ ನೋವು ಹೇಳಿಕೊಂಡು ಕನ್ನಡದಲ್ಲಿ ಅರ್ಜಿ ಬರೆಯುತ್ತಾರೆ. ಕಾಯಿಲೆ ದೊಡ್ಡದಾದರೆ ಕುಪ್ಪಂನ ಮೆಡಿಕಲ್ ಕಾಲೇಜಿಗೋ ವೆಲ್ಲೂರಿನ ಸಿಎಂಸಿಗೋ ಹೋಗುವುದು ಹಳೆಯ ರೂಢಿ. ಕೇಂದ್ರದ ಕಾರ್ಡ್ ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲಾದರೂ ನಡೆಯಬೇಕು ಎನ್ನುತ್ತದೆ ನಿಯಮ. ಆದರೆ 2018ರಲ್ಲಿ ಯೋಜನೆಗಳು ಒಂದಾದಾಗ ರಾಜ್ಯದ ಸುಮಾರು 1.15 ಕೋಟಿ ಬಡ ಕುಟುಂಬಗಳ ಪೈಕಿ ಕೇಂದ್ರದ ಲೆಕ್ಕಕ್ಕೆ ಬಂದವು 62 ಲಕ್ಷ. ಉಳಿದವರ ಖರ್ಚು ರಾಜ್ಯದ್ದು, ಅವರ ಕಾರ್ಡಿನ ಬಲವೂ ರಾಜ್ಯದೊಳಗೆ. ತಾವು ಯಾವ ಲೆಕ್ಕದಲ್ಲಿದ್ದೇವೆಂಬುದು ಗಡಿ ದಾಟಿ ಕೌಂಟರಿನ ಮುಂದೆ ನಿಂತಾಗಲೇ ಗೊತ್ತಾಗುವುದು.

ಕೋಲಾರ ಪಟ್ಟಣದಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಜಿಲ್ಲಾಸ್ಪತ್ರೆಯಾದ ಶ್ರೀ ನರಸಿಂಹರಾಜ ಆಸ್ಪತ್ರೆ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಎನ್‌ಆರ್. ಟಮಕದಲ್ಲಿ 1986ರಲ್ಲಿ ಶುರುವಾದ ದೇವರಾಜ ಅರಸು ಮೆಡಿಕಲ್ ಕಾಲೇಜು, ಅದರ ಜಾಲಪ್ಪ ಆಸ್ಪತ್ರೆ. ಇಲ್ಲಿ ಸಿಕ್ಕಿಬೀಳುವುದು ನಡುವಿನವರು. ಎಪಿಎಲ್ ಕುಟುಂಬಕ್ಕೆ ಯೋಜನೆ ಕೊಡುವುದು ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಉಳಿದದ್ದಕ್ಕೆ ಖಾಸಗಿ ವಿಮೆ. ಅದರ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು ಎಂಬುದು ಒಳ್ಳೆಯ ಸುದ್ದಿ. ಆದರೆ ಪಾಲಿಸಿ ಮಾಡಿಸುವಾಗಲೇ ಶುಗರ್ ಇದ್ದರೆ ಅದಕ್ಕೆ ಸಂಬಂಧಿಸಿದ ಖರ್ಚಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬಿಪಿಎಲ್ ಕಾರ್ಡ್‌ಗಳ ರದ್ದತಿ 2024ರ ನವೆಂಬರ್‌ನಲ್ಲಿ ದೊಡ್ಡ ಗಲಾಟೆಯಾದದ್ದು ನೆನಪಿರಬಹುದು. ಅಕ್ಕಿಯನ್ನು ಹೇಗೋ ಕೊಂಡು ತಿನ್ನಬಹುದು. ಕಾರ್ಡ್ ಹೋದರೆ ಆಸ್ಪತ್ರೆ ಹೋಯಿತು ಎಂಬ ಭಯ ಆ ಗಲಾಟೆಯ ಅಡಿಯಲ್ಲಿತ್ತು.

ಚೀಟಿಯ ದಾರಿ

ಕಾರ್ಡ್ ಇದ್ದವರ ದಾರಿಯೂ ನೆಟ್ಟಗಿಲ್ಲ. ಒಂದಾದ ಯೋಜನೆಯಲ್ಲಿ 1,650 ಬಗೆಯ ಚಿಕಿತ್ಸೆಗಳನ್ನು ಪಟ್ಟಿ ಮಾಡಲಾಯಿತು. ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಆಗದಿದ್ದರೆ ಮಾತ್ರ ರೆಫರಲ್ ಚೀಟಿ. ಆ ಚೀಟಿ ಹಿಡಿದು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ. ಚೀಟಿಯಿಲ್ಲದೆ ನೇರವಾಗಿ ಹೋಗಬಹುದಾದ ತುರ್ತು ಚಿಕಿತ್ಸೆಗಳು 169.

ಈ ಕಟ್ಟಳೆಗೆ ಕಾರಣವಿದೆ. ಚೀಟಿ ಬೇಡವೆಂದರೆ ಸರ್ಕಾರದ ಹಣವೆಲ್ಲ ಖಾಸಗಿ ಆಸ್ಪತ್ರೆಗಳಿಗೆ ಹರಿದು, ತಾಲ್ಲೂಕು ಆಸ್ಪತ್ರೆಗಳು ಇನ್ನಷ್ಟು ಸೊರಗುತ್ತವೆ. ಆದರೆ ಅದು ನಡೆಯಬೇಕಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರಿರಬೇಕು, ಯಂತ್ರ ಕೆಟ್ಟಿರಬಾರದು. ಇಲ್ಲದಿದ್ದರೆ ಚೀಟಿ ಚಿಕಿತ್ಸೆಗೆ ದಾರಿಯಾಗುವ ಬದಲು ಇನ್ನೊಂದು ಸರದಿಯಾಗುತ್ತದೆ. ಶ್ರೀನಿವಾಸಪುರದ ಹಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆ, ಆಮೇಲೆ ಸುಮಾರು 25 ಕಿಲೋಮೀಟರ್ ಕೋಲಾರ, ಅಲ್ಲಿಂದ ಇನ್ನು 70 ಕಿಲೋಮೀಟರ್ ಬೆಂಗಳೂರಿನ ಜಯದೇವವೋ ಕಿದ್ವಾಯಿಯೋ. ಜೊತೆಗೊಬ್ಬರು ಬರಬೇಕು, ಅವರ ಕೂಲಿಯೂ ಹೋಯಿತು. ಬಸ್ಸು, ಊಟ, ಹೊರಗೆ ಬರೆದ ಸ್ಕ್ಯಾನಿಂಗ್. ಆಪರೇಷನ್ ಪೂರ್ತಿ ಉಚಿತವಾದ ಮನೆಯಲ್ಲೂ ಕಿವಿಯೋಲೆ ಅಡವಿಗೆ ಹೋಗುವುದು ಹೀಗೆ. ಆಸ್ಪತ್ರೆಗಳಲ್ಲಿರುವ 'ಆರೋಗ್ಯ ಮಿತ್ರ' ಫೈಲು ತುಂಬಿಸಿಕೊಡಬಲ್ಲರು. ಬಸ್ ಚಾರ್ಜು ಅವರ ಕೈಯಲ್ಲಿಲ್ಲ.

ಕಾಗದದ ಮೇಲಿನ ಲೆಕ್ಕವೂ ಎಲ್ಲೆಡೆ ಗಟ್ಟಿಯಿಲ್ಲ. ಆಯುಷ್ಮಾನ್ ಭಾರತ್ ಬಗ್ಗೆ 2023ರಲ್ಲಿ ಬಂದ ಸಿಎಜಿ ವರದಿ ಒಂದು ಸೋಜಿಗವನ್ನು ಹೊರಗೆಳೆಯಿತು. ದೇಶದಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು: ಸಾಲಾಗಿ ಹತ್ತು ಒಂಬತ್ತುಗಳು.

ಚಿನ್ನದ ಗಣಿ ಬಿಟ್ಟುಹೋದ ಪಾಠ

ಕೆಲಸಕ್ಕೆ ಕಟ್ಟಿದ ಆರೋಗ್ಯ ಎಷ್ಟು ದೂರ ಬರುತ್ತದೆ ಎಂಬುದನ್ನು ಕೋಲಾರ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಜಿಎಫ್‌ನ ಗಣಿ ಕಂಪನಿಗೆ ತನ್ನದೇ ದೊಡ್ಡ ಆಸ್ಪತ್ರೆಯಿತ್ತು. ಕಾರ್ಮಿಕನ ಮನೆಯವರಿಗೆ ಹೆರಿಗೆಯಿಂದ ಹಿಡಿದು ಎಲ್ಲವೂ ಅಲ್ಲೇ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಈ ಗಣಿಗಳಿಂದಲೇ, 1934ರಲ್ಲಿ. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7 ಮಂದಿಯಲ್ಲಿ ಅದು ಕಂಡಿತು. ಧೂಳು ಉಣಿಸಿದ ಕಂಪನಿಯೇ ಎಕ್ಸ್-ರೇ ತೆಗೆಯುವ ವ್ಯವಸ್ಥೆಯನ್ನೂ ಇಟ್ಟಿತ್ತು.

2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿತು. ಧೂಳು ಮಾತ್ರ ಎದೆಯಲ್ಲೇ ಉಳಿಯಿತು, ಆಸ್ಪತ್ರೆ ಕೈಬಿಟ್ಟುಹೋಯಿತು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಪಾಳುಬಿದ್ದಿದ್ದ ಅದೇ ಕಟ್ಟಡವನ್ನು ಗುಡಿಸಿ, ಸುಣ್ಣ ಬಳಿದು ಹಾಸಿಗೆ ಹಾಕಬೇಕಾಯಿತು. ಇವತ್ತು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಬಸ್ ಹತ್ತುವ ಹುಡುಗ ಹುಡುಗಿಯರ ಆರೋಗ್ಯವೂ ಐಡಿ ಕಾರ್ಡಿಗೆ ಕಟ್ಟಿದ್ದೇ. ಗುತ್ತಿಗೆ ಮುಗಿದ ಮರುದಿನ ಅವರು ಯಾರ ಲೆಕ್ಕ?

ದರಪಟ್ಟಿಯ ಜಗಳ

ವಿಮೆ ಎಷ್ಟಿದ್ದರೂ ಬಿಲ್ಲಿಗೆ ಕಡಿವಾಣವಿಲ್ಲದಿದ್ದರೆ ಅದು ಸೋರುವ ಕೊಡ. ಈ ಮಾತನ್ನು ಗಟ್ಟಿಯಾಗಿ ಆಡಿದವರು ಇಲ್ಲಿಯವರೇ. ಶ್ರೀನಿವಾಸಪುರದ ಶಾಸಕರಾಗಿದ್ದ ಕೆ.ಆರ್. ರಮೇಶ್ ಕುಮಾರ್ 2016ರಿಂದ 2018ರವರೆಗೆ ಆರೋಗ್ಯ ಸಚಿವರು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಅವರು ತಂದ ತಿದ್ದುಪಡಿ ಮಸೂದೆಯಲ್ಲಿ ಸರ್ಕಾರ ದರ ನಿಗದಿ ಮಾಡುವ, ಮೀರಿದವರಿಗೆ ಜೈಲು ಶಿಕ್ಷೆ ಕೊಡುವ ಅಂಶಗಳಿದ್ದವು. ಆ ನವೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದ ವೇಳೆ, ಖಾಸಗಿ ವೈದ್ಯರು ಮುಷ್ಕರಕ್ಕಿಳಿದರು. ಹೊರರೋಗಿ ವಿಭಾಗಗಳು ಮುಚ್ಚಿದವು, ಹೈಕೋರ್ಟ್ ಮಧ್ಯೆ ಬಂತು. ಕೊನೆಗೆ ಅಂಗೀಕಾರವಾದ ಮಸೂದೆಯಲ್ಲಿ ದರ ಮೀರಿದವರಿಗೆ ಜೈಲು ಇರಲಿಲ್ಲ. ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಸೀಮಿತವಾಯಿತು. ದರಪಟ್ಟಿ ತೂಗುಹಾಕಬೇಕು, ರೋಗಿಯ ಹಕ್ಕುಗಳನ್ನು ಮಾನ್ಯ ಮಾಡಬೇಕು ಎಂಬುದು ಉಳಿಯಿತು.

ವೈದ್ಯರ ಕೋಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಸಣ್ಣ ಊರಿನಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವವರಿಗೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಕೋಲು ಬೀಸಿದರೆ ಮೊದಲು ಬೀಳುವುದು ಸಣ್ಣವರೇ. ಸರ್ಕಾರವೂ ಪ್ಯಾಕೇಜ್ ದರವನ್ನು ಖರ್ಚಿಗೆ ತಕ್ಕಂತೆ ಪರಿಷ್ಕರಿಸಬೇಕು, ಮಾಡಿದ ಚಿಕಿತ್ಸೆಯ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಹಣ ತಡವಾದಷ್ಟೂ ಆಸ್ಪತ್ರೆಯವರಿಗೆ ಕಾರ್ಡಿನ ರೋಗಿ ಬೇಡವಾದ ನೆಂಟನಾಗುತ್ತಾನೆ.

ದುಡ್ಡು ಎಲ್ಲಿಂದ?

ಸುಧಾರಣೆ ಎಂದೊಡನೆ ಏಳುವ ಪ್ರಶ್ನೆ ಇದು. ಹಣ ತೆಗೆದುಕೊಡಲಾಗದು ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಸರ್ ಜೋಸೆಫ್ ಭೋರ್ ಸಮಿತಿ ಹೇಳಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ 2.5 ಆಗಬೇಕೆಂದಿತು. 2021–22ರಲ್ಲಿ, ಕೋವಿಡ್ ಖರ್ಚನ್ನೂ ಸೇರಿಸಿ, ಅದು ಶೇ 1.84.

ಆದರೆ ದುಡ್ಡೇ ಇಲ್ಲ ಎಂಬುದು ಅರ್ಧ ಸತ್ಯ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ನೇರವಾಗಿ ಕೈಯಿಂದ ಕಟ್ಟುವ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ಕ್ಕೆ ಶೇ 39.4ಕ್ಕೆ ಇಳಿಯಿತು. ಇಳಿದದ್ದು ಸಂತೋಷ. ಉಳಿದಿರುವುದೂ ನೂರರಲ್ಲಿ ನಲವತ್ತು ರೂಪಾಯಿ, ಅದರಲ್ಲಿ ದೊಡ್ಡ ಪಾಲು ಔಷಧಿಯದು. ಅಂದರೆ ಹಣ ಖರ್ಚಾಗುತ್ತಲೇ ಇದೆ. ಸೆರಗಿನ ಗಂಟಿನಿಂದ, ಮಂಡಿಯ ಮುಂಗಡದಿಂದ, ಸಂಘದ ಸಾಲದಿಂದ, ಒಬ್ಬೊಬ್ಬರಾಗಿ, ಕಾಯಿಲೆ ಬಿದ್ದ ದಿನವೇ. ಅದನ್ನು ಕಾಯಿಲೆಗೆ ಮೊದಲೇ ಎಲ್ಲರಿಂದ ಒಟ್ಟು ಮಾಡುವುದಕ್ಕೇ ವಿಮೆ ಎನ್ನುವುದು.

ಥಾಯ್ಲೆಂಡ್ ಇದನ್ನು ಮಾಡಿ ತೋರಿಸಿತು. 2001ರಲ್ಲಿ ಅಲ್ಲಿ ಒಂದು ಭೇಟಿಗೆ 30 ಬಾತ್ ಮಾತ್ರ ಕಟ್ಟುವ ಯೋಜನೆ ಶುರುವಾಯಿತು, ಮರುವರ್ಷ ಕಾನೂನಾಯಿತು. ಯೋಜನೆಗೆ ಸೇರಿದವರು ತಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿಕೊಳ್ಳುತ್ತಾರೆ. ಹೊರರೋಗಿ ಚಿಕಿತ್ಸೆಗೆ ಸರ್ಕಾರ ತಲೆಗಿಷ್ಟು ಎಂದು ಆ ಕೇಂದ್ರದ ಜಾಲಕ್ಕೆ ಮುಂಚಿತವಾಗಿ ಹಣ ಕೊಡುತ್ತದೆ. ರೋಗಿ ಹಾಸಿಗೆ ಹಿಡಿದರೆ ಆಸ್ಪತ್ರೆಗೆ ಲಾಭ ಎಂಬ ಲೆಕ್ಕ ಅಲ್ಲಿ ತಲೆಕೆಳಗಾಯಿತು. ಒಂದು ಗುಟ್ಟು ಮರೆಯಬಾರದು: ಕಾರ್ಡ್ ಹಂಚುವ ಎಷ್ಟೋ ವರ್ಷ ಮೊದಲೇ ಅವರು ಜಿಲ್ಲಾ ಮಟ್ಟದ ಆಸ್ಪತ್ರೆಗಳನ್ನು ಕಟ್ಟಿದ್ದರು, ಹೊಸ ವೈದ್ಯರ ಗ್ರಾಮೀಣ ಸೇವೆಯನ್ನು 1970ರ ದಶಕದಲ್ಲೇ ಕಡ್ಡಾಯ ಮಾಡಿದ್ದರು.

ಬಾಗಿಲಿಗೆ ಬಂದ ಬಿ.ಪಿ. ಯಂತ್ರ

ಅಷ್ಟು ದೂರವೂ ಹೋಗಬೇಕಿಲ್ಲ. ಮಾಲೂರಿನ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟ್ 5ರಂದು ತಮಿಳುನಾಡು 'ಮಕ್ಕಳೈ ತೇಡಿ ಮರುತ್ತುವಂ' ಶುರುಮಾಡಿತು. ಜನರನ್ನು ಹುಡುಕಿಕೊಂಡು ಹೋಗುವ ವೈದ್ಯಕೀಯ ಎಂದು ಅದರ ಅರ್ಥ. ಶುಗರ್, ಬಿ.ಪಿ. ಇರುವವರ ಮನೆಗೇ ಬಂದು ನೋಡಿ, ಮಾತ್ರೆ ಕೊಟ್ಟು ಹೋಗುವ ಕೆಲಸ.

ಕರ್ನಾಟಕದ 'ಗೃಹ ಆರೋಗ್ಯ' ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ಕೋಲಾರ ಜಿಲ್ಲೆಯಲ್ಲಿ. ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಿಬ್ಬಂದಿ ಮನೆ ಮನೆಗೆ ಹೋಗಿ ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ, ಕ್ಯಾನ್ಸರ್‌ನ ಲಕ್ಷಣಗಳನ್ನು ವಿಚಾರಿಸುತ್ತಾರೆ. ಪ್ರಯೋಗ ಮುಂದೆ ಬೇರೆ ಜಿಲ್ಲೆಗಳಿಗೂ ಹೋಯಿತು. ಭಾರತದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ಹಾಗಿರುವಾಗ ದೇಶ ಮೊದಲು ಮಾಡಬೇಕಾದ ಕೆಲಸ ಇದೇ. ಆದರೆ ಪತ್ತೆ ಹಚ್ಚುವುದು ಅರ್ಧ ಕೆಲಸ. ಶುಗರ್ ಇದೆ ಎಂದು ಹೇಳಿ ಹೋದ ಮೇಲೆ ಉಪಕೇಂದ್ರದಲ್ಲಿ ಮಾತ್ರೆ ಸ್ಟಾಕ್ ಇಲ್ಲವೆಂದರೆ, ಅಲ್ಲಿಯತನಕ ಗೊತ್ತಿಲ್ಲದ ಚಿಂತೆಯೊಂದನ್ನು ಮನೆಗೆ ಕೊಟ್ಟಂತಾಯಿತು, ಅಷ್ಟೆ.

ಹಾಗಾಗಿ ಸುಧಾರಣೆ ಶುರುವಾಗಬೇಕಾದದ್ದು ಮಾತ್ರೆಯಿಂದ. ಶುಗರ್, ಬಿ.ಪಿ., ಉಬ್ಬಸ, ಮೂರ್ಛೆರೋಗದಂಥ ದಿನನಿತ್ಯದ ಕಾಯಿಲೆಗಳ ಔಷಧಿಯನ್ನು 5 ಲಕ್ಷದ ಕಾರ್ಡಿನೊಳಕ್ಕೇ ತರಬೇಕು. ಸರ್ಕಾರಿ ಕೇಂದ್ರದಲ್ಲಿ ಸ್ಟಾಕ್ ಇಲ್ಲದ ದಿನ ಅದೇ ಕಾರ್ಡ್ ತೋರಿಸಿ ಜನೌಷಧಿ ಅಂಗಡಿಯಲ್ಲಿ ತಿಂಗಳ ಮಾತ್ರೆ ಸಿಗಬೇಕು. ಇಎಸ್ಐ, ಯಶಸ್ವಿನಿ, ಆರೋಗ್ಯ ಕರ್ನಾಟಕ ಬೇರೆ ಬೇರೆ ಖಜಾನೆಯಿಂದ ಬರಲಿ. ಜನರ ಕೈಗೆ ಒಂದೇ ಕಾರ್ಡಾಗಿ ಬರಲಿ. ಕೆಲಸ ಬದಲಾದರೆ, ಸಂಬಳ ಸಾವಿರ ಏರಿದರೆ, ಗಡಿ ದಾಟಿದರೆ ಅದು ಸಾಯಬಾರದು. ರೆಫರಲ್ ಇರಲಿ, ಚೀಟಿ ಹಿಡಿದು ರೋಗಿ ಓಡುವ ಬದಲು ಫೋನಿನಲ್ಲಿ ಡಾಕ್ಟರಿಂದ ಡಾಕ್ಟರಿಗೆ ಹೋಗಲಿ. ಆಸ್ಪತ್ರೆ ಸೇರಿದ ಕೂಲಿಯವರಿಗೆ ಇಎಸ್ಐನಂತೆ ದಿನದ ಕೂಲಿಯ ಒಂದು ಪಾಲಾದರೂ ಸಿಗಲಿ. ಇವುಗಳಲ್ಲಿ ಯಾವುದೂ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಒಂದೊಂದು ಒಂದೊಂದು ಕಡೆ ಆಗಲೇ ನಡೆಯುತ್ತಿದೆ.

ಆ ದಿನ ಅಜ್ಜಿ ಹೋದ ಮೇಲೆ ಅಂಗಡಿಯ ಹುಡುಗನನ್ನು ಡಬ್ಬಿಯ ಬಗ್ಗೆ ಕೇಳಿದೆ. "ಕಂಪ್ನಿಯೋರು ಡೇಟನ್ನ ಶೀಟಿನ ಒಂದು ಕೊನೇಲಿ ಹಾಕಿರ್ತಾರೆ ಸಾರ್. ಆ ಕಡೆ ತುಂಡು ನಾನು ಇಟ್ಕೊಳ್ತೀನಿ. ಉಳಿದರ್ಧ ಅವ್ರೇ ಬಂದು ತಗೊಂಡೋಗ್ಲಿ ಅಂತ ಹೆಸರು ಬರ್ದು ರಬ್ಬರ್ ಬ್ಯಾಂಡ್ ಹಾಕ್ತೀನಿ." ಕೆಲವರು ವಾರಕ್ಕೆ ಬರುತ್ತಾರಂತೆ, ಕೆಲವರು ಸುಗ್ಗಿ ಮುಗಿದ ಮೇಲೆ. "ಇನ್ನು ಕೆಲವ್ರು ಬರಲ್ಲ ಸಾರ್," ಎಂದು ಡಬ್ಬಿಯ ಮುಚ್ಚಳ ಒತ್ತಿ, ಮುಂದಿನವರ ಚೀಟಿಗೆ ಕೈ ಚಾಚಿದ.